ಹಾರುವ ತಟ್ಟೆ ಕಂಡಿತು ಎಂಬ ವರದಿ ಬಂದರೆ ತನಿಖೆ ಹೇಗೆ? ಬ್ಲೂ ಬುಕ್ ಅಧಿಕಾರಿಗಳ ಕ್ರಮ, ಅವರು ಎಡವಿದ ಜಾಗಗಳು

ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಇಂಥ 12,618 ವರದಿಗಳನ್ನು ಕಡತಕ್ಕೆ ಸೇರಿಸಿತು. ಎಲ್ಲವನ್ನೂ ಸೋಸಿದ ಮೇಲೆ 701 ವರದಿಗಳು ‘ಗುರುತಾಗದ್ದು’ ಎಂದು ಉಳಿದವು. 1948ರಲ್ಲಿ ಪ್ರಾಜೆಕ್ಟ್ ಸೈನ್, 1949ರಲ್ಲಿ ಗ್ರಡ್ಜ್, 1952ರ ಮಾರ್ಚಿನಿಂದ ಬ್ಲೂ ಬುಕ್: ತನಿಖಾ ಯೋಜನೆಯ ಹೆಸರು ಎರಡು ಸಲ ಬದಲಾಯಿತು, ಕಚೇರಿ ಮಾತ್ರ ಒಹಾಯೊದ ಡೇಟನ್ ಬಳಿಯ ರೈಟ್-ಪ್ಯಾಟರ್ಸನ್ ವಾಯುನೆಲೆಯಲ್ಲೇ ಇತ್ತು. ಬೇರೆ ಲೋಕದವರು ಗುಟ್ಟಾಗಿ ಬಂದು ಹೋಗುತ್ತಿದ್ದಾರೆಯೇ ಎಂಬ ಪ್ರಶ್ನೆಯನ್ನು ಸಮವಸ್ತ್ರದವರು ಫಾರಂ, ನಕ್ಷೆ, ಹವಾಮಾನದ ದಾಖಲೆ ಮುಂದಿಟ್ಟುಕೊಂಡು ಇಪ್ಪತ್ತೆರಡು ವರ್ಷ ಕೇಳಿದರು. ಅವರು ಸರಿಯಾಗಿ ಮಾಡಿದ್ದೂ ಇದೆ, ಕೆಡಿಸಿದ್ದೂ ಇದೆ. ಎರಡನ್ನೂ ಜೋಡಿಸಿ, ಒಂದು ವರದಿಯನ್ನು ಮೊದಲಿನಿಂದ ಕೊನೆಯವರೆಗೆ ತನಿಖೆ ಮಾಡುವ ಕ್ರಮವನ್ನು ಇಲ್ಲಿ ಬರೆದಿದೆ. ಹಳೆಯ ಬ್ಲೂ ಬುಕ್ ಕಡತ ಓದುವವರಿಗೂ, ನಿನ್ನೆ ರಾತ್ರಿ ವಾಟ್ಸ್‌ಆ್ಯಪ್‌ಗೆ ಬಂದ ವಿಡಿಯೊ ಪರೀಕ್ಷಿಸುವವರಿಗೂ ಇದೇ ಕ್ರಮ ಸಾಕು.

ಶುರುವಿಗೇ ಒಂದು ಮಾತು. ತನಿಖೆ ಗೆಲ್ಲುವುದೂ ಸೋಲುವುದೂ ನಾಲ್ಕು ಅಂಕಿಗಳ ಮೇಲೆ: ಸಮಯ, ದಿಕ್ಕು, ಎತ್ತರದ ಕೋನ, ಎಷ್ಟು ಹೊತ್ತು ಕಂಡಿತು ಎಂಬ ಅವಧಿ. ಈ ನಾಲ್ಕು ಮೊದಲ ದಿನವೇ ಸಿಗದಿದ್ದರೆ ಮುಂದೆ ಎಂಥ ಪ್ರಯೋಗಾಲಯ ಇದ್ದರೂ ಪ್ರಯೋಜನವಿಲ್ಲ. ಬ್ಲೂ ಬುಕ್ ಕಡತಗಳಲ್ಲಿ ‘ಮಾಹಿತಿ ಸಾಲದು’ ಎಂಬ ಮುದ್ರೆ ಬಿದ್ದ ವರದಿಗಳನ್ನು ತೆರೆದು ನೋಡಿದರೆ, ಬಹಳಷ್ಟರಲ್ಲಿ ಇಲ್ಲದಿರುವುದು ಈ ನಾಲ್ಕರಲ್ಲಿ ಒಂದು.

ಜೊತೆಗಿರಬೇಕಾದ ಸಾಮಾನು

ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಅದರ ನಡುವಿನ ತೂತಿಗೆ ಕಟ್ಟಿದ 20 ಸೆಂಟಿಮೀಟರ್ ದಾರ, ದಾರದ ತುದಿಗೆ ಒಂದು ನಟ್ಟು. ಕೋನಮಾಪಕದ ನೇರ ಅಂಚಿನ ಉದ್ದಕ್ಕೂ ವಸ್ತುವನ್ನು ಗುರಿಯಿಟ್ಟು ನೋಡಿ, ದಾರ ನಿಂತ ಅಂಕಿಯನ್ನು ಇನ್ನೊಬ್ಬರು ಓದಲಿ. ಆ ಅಂಕಿಗೂ 90ಕ್ಕೂ ಇರುವ ವ್ಯತ್ಯಾಸವೇ ದಿಗಂತದಿಂದ ಎತ್ತರ. ಹತ್ತು ರೂಪಾಯಿಯ ಈ ಉಪಕರಣ 2 ಡಿಗ್ರಿಯೊಳಗಿನ ನಿಖರತೆ ಕೊಡುತ್ತದೆ, ನಮ್ಮ ಕೆಲಸಕ್ಕೆ ಅಷ್ಟು ಧಾರಾಳ. ಇದರ ಜೊತೆಗೆ ಒಂದು ದಿಕ್ಸೂಚಿ, 30 ಮೀಟರ್ ಟೇಪು, ಬಿಳಿ ಹಾಳೆ, ಪೆನ್ಸಿಲ್, ನೆಲದ ಗುರುತುಗಳಿದ್ದರೆ ಬೇಕಾಗುವ ಕೈಗವಸು ಮತ್ತು ತೊಳೆದು ಒಣಗಿಸಿದ ಗಾಜಿನ ಭರಣಿಗಳು. ಫೋನಿನಲ್ಲಿ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಮತ್ತು ವಿಮಾನಗಳ ಚಲನೆ ತೋರಿಸುವ ಒಂದು ಆ್ಯಪ್.

ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರವನ್ನು, ನಿಜವಾದ ಉತ್ತರವನ್ನಲ್ಲ. ಕರ್ನಾಟಕದಲ್ಲಿ ಇವೆರಡರ ನಡುವೆ 1–2 ಡಿಗ್ರಿ ಅಷ್ಟೇ, ಬಿಟ್ಟುಬಿಡಬಹುದು. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ 1947ರಲ್ಲಿ ಈ ವ್ಯತ್ಯಾಸ 20 ಡಿಗ್ರಿಗೂ ಮೀರಿತ್ತು. ಅಲ್ಲಿಯ ಹಳೆಯ ಕಡತ ಓದುವಾಗ ದಿಕ್ಕು ಕಾಂತೀಯವೋ ನಿಜದ್ದೋ ಎಂದು ನೋಡದೆ ಆಕಾಶದ ನಕ್ಷೆ ಹಾಕಿದರೆ ಶುಕ್ರನೇ ತಪ್ಪಿಹೋಗುತ್ತಾನೆ.

ನೋಡಿದವರ ಹೇಳಿಕೆ

1952ರಲ್ಲಿ ಬ್ಲೂ ಬುಕ್‌ನ ಮೊದಲ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ರಪೆಲ್ಟ್ ಮಾಡಿದ ಒಳ್ಳೆಯ ಕೆಲಸವೆಂದರೆ ಮನಶ್ಶಾಸ್ತ್ರ ಬಲ್ಲವರ ನೆರವಿನಿಂದ ಒಂದು ಪ್ರಶ್ನಾವಳಿ ಸಿದ್ಧಪಡಿಸಿದ್ದು. ಹಿಂದಿನ ಗ್ರಡ್ಜ್ ಕಾಲದಲ್ಲಿ ವರದಿ ತಂದವರನ್ನು ಹುಚ್ಚರಂತೆ ಕಾಣುವ ಧೋರಣೆ ಬೆಳೆದಿತ್ತು. ಅದರಿಂದ ವಿಮಾನ ಚಾಲಕರೇ ಬಾಯಿ ಮುಚ್ಚಿಕೊಂಡರು. ಚಾಲಕರಂಥ ಅನುಭವಿ ಕಣ್ಣು ಕಳೆದುಕೊಂಡ ತನಿಖೆ ಅರ್ಧ ಸತ್ತಂತೆ. ‘ಹಾರುವ ತಟ್ಟೆ’ ಎಂಬ ಮಾತನ್ನು ಬದಿಗಿಟ್ಟು ‘ಗುರುತಾಗದ ಹಾರುವ ವಸ್ತು’ ಎಂಬ ಅರ್ಥದ ಯುಎಫ್‌ಒ ಎಂಬ ಹೆಸರನ್ನು ರಪೆಲ್ಟ್ ಬಳಕೆಗೆ ತಂದದ್ದೂ ಇದೇ ಕಾರಣಕ್ಕೆ: ಪ್ರಶ್ನೆಯಲ್ಲೇ ಉತ್ತರ ಇರಬಾರದು.

ಆದ್ದರಿಂದ ಕೇಳುವ ಕ್ರಮ ಹೀಗಿರಲಿ. ಹಲವರು ನೋಡಿದ್ದರೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಒಟ್ಟಿಗೆ ಕೂತರೆ ಗಟ್ಟಿ ದನಿಯವರ ಕಥೆಯೇ ಎಲ್ಲರ ಕಥೆಯಾಗುತ್ತದೆ. ‘ಏನು ಕಂಡಿರಿ, ಮೊದಲಿನಿಂದ ಹೇಳಿ’ ಎಂದು ಬಿಟ್ಟುಬಿಡಿ, ಮಧ್ಯೆ ಬಾಯಿ ಹಾಕಬೇಡಿ. ಕಥೆ ಮುಗಿದ ಮೇಲೆ ಹಾಳೆ ಕೊಟ್ಟು ಚಿತ್ರ ಬರೆಸಿ. ಆಮೇಲೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಕರೆದುಕೊಂಡು ಹೋಗಿ ಕೈ ತೋರಿಸಲು ಹೇಳಿ, ಅವರ ಬೆರಳಿನ ಗುರಿಯನ್ನು ನೀವು ಅಳೆಯಿರಿ. ‘ಅರ್ಧ ಆಕಾಶದಷ್ಟು ಮೇಲೆ’, ‘45 ಡಿಗ್ರಿ’ ಎಂದು ಬಾಯಲ್ಲಿ ಹೇಳಿದ್ದು ಅಳೆದಾಗ 30ಕ್ಕೂ ಕೆಳಗೆ ಬರುವುದು ತೀರಾ ಸಾಮಾನ್ಯ. ಕಣ್ಣಿಗೆ ಆಕಾಶ ಚಪ್ಪಟೆ ಬುಟ್ಟಿಯಂತೆ ಕಾಣುತ್ತದೆ, ಅದಕ್ಕೇ ಈ ತಪ್ಪು.

ಗಾತ್ರವನ್ನು ಎಂದೂ ಅಡಿ, ಮೀಟರ್ ಲೆಕ್ಕದಲ್ಲಿ ಕೇಳಬೇಡಿ. ವಾಯುಪಡೆಯ 200-2ನೇ ನಿಯಮಾವಳಿ ಇದನ್ನು ಚೆನ್ನಾಗಿ ಬಗೆಹರಿಸಿತ್ತು: ಚಾಚಿದ ಕೈಯಲ್ಲಿ ಹಿಡಿದರೆ ಯಾವ ವಸ್ತುವಿನಷ್ಟು ಕಾಣುತ್ತಿತ್ತು? ಗುಂಡುಸೂಜಿಯ ತಲೆ, ಬಟಾಣಿ, ಬೇರೆ ಬೇರೆ ನಾಣ್ಯಗಳು, ಚೆಂಡು ಎಂದು ಅಲ್ಲಿ ಪಟ್ಟಿಯೇ ಇತ್ತು. ನಮ್ಮಲ್ಲಿ ತೊಗರಿಕಾಳು ಒಳ್ಳೆಯ ಅಳತೆ. ಚಾಚಿದ ಕೈಯಲ್ಲಿ ಅದು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನನ್ನು ಮುಚ್ಚುತ್ತದೆ, ಎಂದರೆ ಅರ್ಧ ಡಿಗ್ರಿ. ಚಾಚಿದ ಕೈಯ ಕಿರುಬೆರಳಿನ ಅಗಲ 1 ಡಿಗ್ರಿ, ಮುಷ್ಟಿ 10, ಒಂದು ಗೇಣು 20ಕ್ಕೂ ಸ್ವಲ್ಪ ಹೆಚ್ಚು. ಮೊದಲು ಅವರಿಂದ ಚಂದ್ರನ ಗಾತ್ರವನ್ನೇ ನೆನಪಿನಿಂದ ಹೇಳಿಸಿ. ‘ಹತ್ತು ರೂಪಾಯಿ ನಾಣ್ಯದಷ್ಟು’ ಎಂದರೆ ಅವರ ಅಂದಾಜು ಐದು ಪಟ್ಟು ಹಿಗ್ಗಿದೆ ಎಂದು ಗೊತ್ತಾಯಿತು. ವಸ್ತುವಿನ ಗಾತ್ರವನ್ನೂ ಅದೇ ಲೆಕ್ಕದಲ್ಲಿ ಕುಗ್ಗಿಸಿ ಓದಿ.

ಸಮಯ ಕೇಳುವಾಗ ‘ಸುಮಾರು ಎಂಟು’ ಎಂಬುದಕ್ಕೆ ತೃಪ್ತರಾಗಬೇಡಿ. ಆ ಹೊತ್ತಿಗೆ ಟಿವಿಯಲ್ಲಿ ಏನಿತ್ತು, ಯಾವ ಬಸ್ಸು ಬಂತು, ಯಾರಿಗೆ ಫೋನ್ ಮಾಡಿದರು ಎಂದು ಹಿಡಿಯಿರಿ. ಫೋನಿನ ಕರೆ ಪಟ್ಟಿ ನಿಮಿಷದ ಮಟ್ಟಿಗೆ ಸಾಕ್ಷಿ ಹೇಳುತ್ತದೆ. ಬಂದ ಸಮಯವನ್ನು ವಿಶ್ವ ಸಮಯಕ್ಕೆ ಬದಲಿಸಿ ಎರಡನ್ನೂ ಬರೆಯಿರಿ, ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಬೇಕು. 1952ರ ಜುಲೈ 19ರ ರಾತ್ರಿ 11.40ಕ್ಕೆ ವಾಷಿಂಗ್ಟನ್ ನಗರದ ನ್ಯಾಷನಲ್ ವಿಮಾನ ನಿಲ್ದಾಣದ ರೇಡಾರ್ ಪರದೆಯ ಮೇಲೆ ಏಳು ಚುಕ್ಕೆಗಳು ಕಂಡವು. ಅಲ್ಲಿ ಬೇಸಿಗೆ ಗಡಿಯಾರ ನಡೆದಿತ್ತು, ಹಾಗಾಗಿ ವಿಶ್ವ ಸಮಯದಲ್ಲಿ ಅದು ಜುಲೈ 20ರ 3.40. ಒಂದು ಗಂಟೆಯ ಬೇಸಿಗೆ ಗಡಿಯಾರ ಮರೆತರೆ ಆಕಾಶ 15 ಡಿಗ್ರಿ ತಿರುಗಿಬಿಡುತ್ತದೆ, ತಾರೀಖು ಮರೆತರೆ ಹವಾಮಾನದ ದಾಖಲೆಯೇ ಬೇರೆ ದಿನದ್ದಾಗುತ್ತದೆ.

ದೂರ ಗೊತ್ತಿಲ್ಲದೆ ವೇಗ ಇಲ್ಲ

ಇಡೀ ವಿಷಯದಲ್ಲಿ ಅತಿ ಹೆಚ್ಚು ಜನ ಜಾರುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ.

ಕಿರುಬೆರಳಿನಷ್ಟು, ಎಂದರೆ 1 ಡಿಗ್ರಿ ಅಗಲ ಕಂಡ ವಸ್ತು 1 ಕಿಲೋಮೀಟರ್ ದೂರದಲ್ಲಿದ್ದರೆ ಅದರ ಅಗಲ 17 ಮೀಟರ್. 10 ಕಿಲೋಮೀಟರ್ ದೂರದಲ್ಲಿದ್ದರೆ 175 ಮೀಟರ್. ಕಣ್ಣಿಗೆ ಎರಡೂ ಒಂದೇ. ವೇಗವೂ ಹಾಗೆಯೇ. ಸೆಕೆಂಡಿಗೆ 10 ಡಿಗ್ರಿ ಸರಿದ ಬೆಳಕು 100 ಮೀಟರ್ ದೂರದಲ್ಲಿದ್ದರೆ ಗಂಟೆಗೆ ಸುಮಾರು 63 ಕಿಲೋಮೀಟರ್ ವೇಗ, ಡ್ರೋನ್‌ಗೆ ಸಲೀಸು. ಅದೇ ಬೆಳಕು 10 ಕಿಲೋಮೀಟರ್ ದೂರದಲ್ಲಿದೆ ಎಂದುಕೊಂಡರೆ ಗಂಟೆಗೆ 6,300 ಕಿಲೋಮೀಟರ್!

ಈ ಕಥೆಯೆಲ್ಲ ಶುರುವಾದ ವರದಿಯೇ ಇದಕ್ಕೆ ಪಾಠ. 1947ರ ಜೂನ್ 24ರಂದು ಖಾಸಗಿ ವಿಮಾನ ಚಾಲಕ ಕೆನೆತ್ ಆರ್ನಾಲ್ಡ್ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡರು. ರೇನಿಯರ್‌ನಿಂದ ಆ್ಯಡಮ್ಸ್ ಪರ್ವತದವರೆಗೆ ಅವು 102 ಸೆಕೆಂಡಿನಲ್ಲಿ ಸಾಗಿದ್ದನ್ನು ಗಡಿಯಾರ ನೋಡಿ ಗುರುತು ಹಾಕಿಕೊಂಡರು. ಸಮಯ ಅಳೆದದ್ದು ಮೆಚ್ಚತಕ್ಕ ಕೆಲಸ. ಪರ್ವತಗಳ ನಡುವೆ ಸುಮಾರು 47 ಮೈಲಿ, ಎಂದರೆ ಗಂಟೆಗೆ 1,650 ಮೈಲಿಗೂ ಹೆಚ್ಚು. ಆದರೆ ಈ ಲೆಕ್ಕ ನಿಲ್ಲುವುದು ವಸ್ತುಗಳು ಆ ಪರ್ವತಗಳಷ್ಟೇ ದೂರದಲ್ಲಿದ್ದರೆ ಮಾತ್ರ. ಕಾಲು ಭಾಗ ದೂರದಲ್ಲಿದ್ದರೆ ವೇಗವೂ ಕಾಲು ಭಾಗ, ಗಂಟೆಗೆ 415 ಮೈಲಿ. ಆ ಕಾಲದ ವಿಮಾನಗಳೂ ಹಾರುತ್ತಿದ್ದ ವೇಗ. ವಾಯುಪಡೆಯ ಖಗೋಳ ಸಲಹೆಗಾರ ಅಲೆನ್ ಹೈನೆಕ್ ಎತ್ತಿದ ಆಕ್ಷೇಪ ಇನ್ನೂ ಸೂಕ್ಷ್ಮ. ಒಳ್ಳೆಯ ಕಣ್ಣು ಬಿಡಿಸಿ ಕಾಣಬಲ್ಲ ಕನಿಷ್ಠ ಕೋನ ಡಿಗ್ರಿಯ ಅರವತ್ತನೇ ಒಂದು ಭಾಗ. 25 ಮೈಲಿ ದೂರದಲ್ಲಿ ಅದು 38 ಅಡಿಗೆ ಸಮ. 45–50 ಅಡಿಯ ವಸ್ತು ಅಷ್ಟು ದೂರದಲ್ಲಿದ್ದರೆ ಬರೀ ಚುಕ್ಕಿ, ಆಕಾರವೇ ತಿಳಿಯದು. ಆರ್ನಾಲ್ಡ್ ಆಕಾರವನ್ನೂ ದಪ್ಪವನ್ನೂ ವಿವರಿಸಿದ್ದರು. ಆದ್ದರಿಂದ ದೂರ ತಪ್ಪಿರಬೇಕು, ಇಲ್ಲವೇ ಗಾತ್ರ ತಪ್ಪಿರಬೇಕು. ಕಂಡವರು ಪ್ರಾಮಾಣಿಕರೇ, ಅಂಕಿಗಳು ಒಂದಕ್ಕೊಂದು ಕೂಡಿಬರುವುದಿಲ್ಲ ಅಷ್ಟೆ.

ದೂರ ಪಡೆಯುವ ದಾರಿ ಇಬ್ಬರು ನೋಡಿರುವುದು. ಒಬ್ಬರಿಗೊಬ್ಬರು 4 ಕಿಲೋಮೀಟರ್ ದೂರದಲ್ಲಿ, ಪಶ್ಚಿಮ–ಪೂರ್ವವಾಗಿ ನಿಂತವರು ಒಂದೇ ನಿಮಿಷದಲ್ಲಿ ನೋಡಿದರು ಎನ್ನಿ. ಪಶ್ಚಿಮದವರಿಗೆ ಅದು ಉತ್ತರದಿಂದ 30 ಡಿಗ್ರಿ ಪೂರ್ವಕ್ಕೆ, ಪೂರ್ವದವರಿಗೆ ಉತ್ತರದಿಂದ 30 ಡಿಗ್ರಿ ಪಶ್ಚಿಮಕ್ಕೆ ಕಂಡಿದ್ದರೆ ನಕ್ಷೆಯ ಮೇಲೆ ಸಮಬಾಹು ತ್ರಿಕೋನ ಬೀಳುತ್ತದೆ. ವಸ್ತುವಿನ ನೆಲದ ದೂರ 4 ಕಿಲೋಮೀಟರ್. ಎತ್ತರದ ಕೋನ 20 ಡಿಗ್ರಿ ಇದ್ದರೆ ಅದು ನೆಲದಿಂದ ಸುಮಾರು 1,450 ಮೀಟರ್ ಮೇಲಿದೆ. ಇಬ್ಬರ ದಿಕ್ಕಿಗೂ 1 ಡಿಗ್ರಿಯ ವ್ಯತ್ಯಾಸವೂ ಇಲ್ಲದೆ ಇಬ್ಬರಿಗೂ ಅದು ನೇರ ಉತ್ತರಕ್ಕೇ ಕಂಡಿದ್ದರೆ? ಆಗ ದೂರ 229 ಕಿಲೋಮೀಟರ್‌ಗೂ ಹೆಚ್ಚು. ‘ಊರಾಚೆ ಗುಡ್ಡದ ಮೇಲೆ ನಿಂತಿತ್ತು’ ಎಂಬ ಮಾತು ಅಲ್ಲಿಗೆ ಬಿತ್ತು. ಇಷ್ಟು ಸುಲಭದ ಪರೀಕ್ಷೆ ಬ್ಲೂ ಬುಕ್‌ನ ಎಷ್ಟೋ ಕಡತಗಳಲ್ಲಿ ನಡೆದೇ ಇಲ್ಲ, ಏಕೆಂದರೆ ಎರಡನೆಯ ಸಾಕ್ಷಿಯನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ.

ಸೋಸುವ ಕ್ರಮ: ಆಕಾಶ, ಹಾರುವಂಥವು, ಗಾಳಿ

ಮೊದಲು ಆಕಾಶ. ಸ್ಟೆಲೇರಿಯಂನಲ್ಲಿ ಆ ಊರು, ಆ ದಿನ, ಆ ನಿಮಿಷ ಹಾಕಿ, ಅಳೆದ ದಿಕ್ಕಿನ ಆಚೀಚೆ 10 ಡಿಗ್ರಿಯೊಳಗೆ ಶುಕ್ರ, ಗುರು, ಲುಬ್ಧಕ, ಚಂದ್ರ ಇದ್ದಾರೆಯೇ ನೋಡಿ. ಬೆಳಕು ಒಂದು ಗಂಟೆ ‘ನಿಂತಿತ್ತು’, ಮೆಲ್ಲಗೆ ಪಶ್ಚಿಮಕ್ಕೆ ಇಳಿಯಿತು, ಬಣ್ಣ ಬದಲಿಸಿತು ಎಂದರೆ ಬಹುಪಾಲು ಇಲ್ಲೇ ಕೆಲಸ ಮುಗಿಯುತ್ತದೆ. ದಿಗಂತದ ಹತ್ತಿರ ದಪ್ಪ ಗಾಳಿಯ ಮೂಲಕ ಬರುವ ಬೆಳಕು ಕೆಂಪು ಹಸಿರು ಮಿನುಗುವುದು ಸಹಜ. ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ಅದು ಅತ್ತಿತ್ತ ಅಲೆದಂತೆ ಕಾಣುವುದು ಕಣ್ಣಿನ ಗುಣ. ನಿಜವಾಗಿ ಅಲುಗಿತೋ ತಿಳಿಯಲು ಕಂಬದ ಅಂಚಿಗೋ ಮನೆಯ ಸೂರಿಗೋ ಬೆಳಕನ್ನು ಹೊಂದಿಸಿ ತಲೆ ಅಲುಗಿಸದೆ ನೋಡಿದ್ದರೇ ಎಂದು ಕೇಳಿ.

ಸೈನಿಕರ ಕಣ್ಣೂ ಇದಕ್ಕೆ ಹೊರತಲ್ಲ. 2012–13ರಲ್ಲಿ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಬಳಿ ಗಡಿ ಕಾಯುತ್ತಿದ್ದ ನಮ್ಮ ಸೈನಿಕರು ತಿಂಗಳುಗಟ್ಟಲೆ ಅಪರಿಚಿತ ಬೆಳಕುಗಳನ್ನು ದಾಖಲಿಸಿದರು. ಚೀನಾದ ಡ್ರೋನ್ ಇರಬಹುದೆಂಬ ಶಂಕೆ. ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿಯಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ಅವನ್ನು ಗುರು ಮತ್ತು ಶುಕ್ರ ಎಂದು ಗುರುತಿಸಿದರು. ಅಷ್ಟೆತ್ತರದ ತೆಳು, ಒಣ ಗಾಳಿಯಲ್ಲಿ ಗ್ರಹಗಳು ಬಯಲುಸೀಮೆಯವರು ಊಹಿಸದಷ್ಟು ಪ್ರಖರ. ಸೈನಿಕರು ಬರೆದಿಟ್ಟದ್ದರಿಂದಲೇ ಉತ್ತರ ಸಿಕ್ಕಿತು ಎಂಬುದನ್ನು ಮರೆಯಬಾರದು.

ಚಲಿಸಿದ ಬೆಳಕಿಗೆ ಅವಧಿಯೇ ಸೋಸುಕ. ಐದು ಸೆಕೆಂಡಿನೊಳಗೆ ಗೆರೆ ಎಳೆದು ಆರಿದರೆ ಉಲ್ಕೆ. ಒಂದೆರಡು ನಿಮಿಷ ದಿಗಂತಕ್ಕೆ ಸಮಾನಾಂತರವಾಗಿ, ತುಂಡು ತುಂಡಾಗಿ ಸಾಗಿದರೆ ವಾತಾವರಣಕ್ಕೆ ಮರಳಿ ಉರಿಯುತ್ತಿರುವ ರಾಕೆಟ್ ಅವಶೇಷ. ನಾಲ್ಕಾರು ನಿಮಿಷ ಮಿನುಗದೆ ಸಾಗಿ ನಡು ಆಕಾಶದಲ್ಲೇ ಮಂಕಾದರೆ ಭೂಮಿಯ ನೆರಳಿಗೆ ಹೊಕ್ಕ ಉಪಗ್ರಹ. ಸಾಲುದೀಪದಂತೆ ಹತ್ತಾರು ಚುಕ್ಕಿ ಒಂದರ ಹಿಂದೊಂದು ಹೋದರೆ ಹೊಸದಾಗಿ ಉಡಾಯಿಸಿದ ಸ್ಟಾರ್‌ಲಿಂಕ್. ಕಿತ್ತಳೆ ಬಣ್ಣ, ಸದ್ದಿಲ್ಲ, ಗಾಳಿ ಬೀಸಿದ ಕಡೆಗೇ ಪಯಣ, ಹತ್ತು ಹದಿನೈದು ನಿಮಿಷದಲ್ಲಿ ಒಂದೊಂದಾಗಿ ನಂದಿದರೆ ಕಾಗದದ ಆಕಾಶಬುಟ್ಟಿ. ದೀಪಾವಳಿ, ಹೊಸ ವರ್ಷದ ಆಸುಪಾಸು ಇದೇ ಹೆಚ್ಚು.

ಇಲ್ಲಿ ಸಾಕ್ಷಿಗಳ ಬಗ್ಗೆ ಕಲಿಯಲೇಬೇಕಾದ ಪ್ರಕರಣ 1968ರ ಮಾರ್ಚ್ 3ರದ್ದು. ಸೋವಿಯತ್ ಒಕ್ಕೂಟದ ಝಾಂಡ್ 4 ಬಾಹ್ಯಾಕಾಶ ನೌಕೆಯ ಉಡಾವಣೆಯ ಅವಶೇಷ ಅಮೆರಿಕದ ಹಲವು ರಾಜ್ಯಗಳ ಮೇಲೆ ಉರಿಯುತ್ತಾ ಹೋಯಿತು. ನೋಡಿದ ಕೆಲವರು ‘ಸಿಗಾರ್ ಆಕಾರದ ಹಡಗು, ಸಾಲು ಕಿಟಕಿಗಳು’ ಎಂದು ವಿವರವಾಗಿ ಬರೆದುಕೊಟ್ಟರು. ಬಿಡಿ ಬಿಡಿ ಉರಿಯುವ ತುಂಡುಗಳನ್ನು ಮನಸ್ಸು ಒಂದು ಗೆರೆಯಿಂದ ಸುತ್ತುವರಿದು ಹಡಗು ಕಟ್ಟಿಬಿಟ್ಟಿತ್ತು. 1948ರ ಜುಲೈ 24ರ ಬೆಳಗಿನ ಜಾವ ಅಲಬಾಮಾದ ಮಾಂಟ್‌ಗಮರಿ ಬಳಿ ಇಬ್ಬರು ವಿಮಾನ ಚಾಲಕರು ಕೆಲವೇ ಸೆಕೆಂಡು ಕಂಡ ಕಿಟಕಿಯುಳ್ಳ ಸಿಗಾರ್‌ನ ವರದಿಯನ್ನು ಇದರ ಪಕ್ಕದಲ್ಲಿಟ್ಟು ಓದಿ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಗೆ ಇಷ್ಟು ಚೊಕ್ಕ ಪುರಾವೆ ಇನ್ನೊಂದಿಲ್ಲ.

ಆಮೇಲೆ ಹಾರುವಂಥವು. ವಿಮಾನಗಳ ಆ್ಯಪ್‌ನಲ್ಲಿ ಹಿಂದಿನ ದಿನಗಳ ದಾರಿ ಉಚಿತವಾಗಿ ಸಿಗುವುದು ಕೆಲವೇ ದಿನ, ಆದ್ದರಿಂದ ವರದಿ ಬಂದ ದಿನವೇ ಪರದೆಯ ಚಿತ್ರ ತೆಗೆದಿಡಿ. ಸೇನಾ ವಿಮಾನಗಳು ಅದರಲ್ಲಿ ಕಾಣದಿರಬಹುದು. ಸಂಜೆ ಅಥವಾ ಬೆಳಗಿನ ಜಾವದ ದೊಡ್ಡ ಹೊಳೆಯುವ ಹೊಗೆಯ ಗರಿ ಪೂರ್ವ ದಿಕ್ಕಿನಲ್ಲಿ ಕಂಡರೆ ಶ್ರೀಹರಿಕೋಟಾದ ಉಡಾವಣೆ ಸಮಯ ತಾಳೆ ನೋಡಿ. ಬೀದರ್, ಕಲಬುರಗಿ ಕಡೆಯವರಿಗೆ ಇನ್ನೊಂದು: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಹೈದರಾಬಾದಿನಿಂದ ವಾಯುಮಂಡಲದ ಮೇಲ್ಪದರಕ್ಕೆ ದೊಡ್ಡ ಸಂಶೋಧನಾ ಬಲೂನುಗಳನ್ನು ಬಿಡುತ್ತದೆ, ಅವುಗಳ ಪೆಟ್ಟಿಗೆಗಳು ಪ್ಯಾರಾಚೂಟಿನಲ್ಲಿ ಸುತ್ತಲಿನ ಜಿಲ್ಲೆಗಳಲ್ಲಿ ಇಳಿಯುತ್ತವೆ.

ಕೊನೆಗೆ ಗಾಳಿ. ಹವಾಮಾನ ಇಲಾಖೆಯ ಬಲೂನುಗಳು ದಿನಕ್ಕೆರಡು ಬಾರಿ, ನಮ್ಮ ಗಡಿಯಾರದ ಬೆಳಿಗ್ಗೆ 5.30 ಮತ್ತು ಸಂಜೆ 5.30ರ ಅಳತೆಗೆಂದು ಏರುತ್ತವೆ. ಅವುಗಳ ದತ್ತಾಂಶದಲ್ಲಿ ಎರಡು ನೋಡಿ: ವಿವಿಧ ಎತ್ತರದ ಗಾಳಿಯ ದಿಕ್ಕು, ಮತ್ತು ಮೇಲೆ ಹೋದಂತೆ ತಣ್ಣಗಾಗಬೇಕಾದ ಗಾಳಿ ಎಲ್ಲಾದರೂ ಬೆಚ್ಚಗಾಗಿದೆಯೇ ಎಂಬುದು. ಈ ಎರಡನೆಯದೇ ತಾಪ ವಿಲೋಮ. ಅದು ರೇಡಾರ್ ಅಲೆಯನ್ನು ನೆಲಕ್ಕೆ ಬಗ್ಗಿಸುತ್ತದೆ, ನೆಲದ ಕಟ್ಟಡ, ವಾಹನಗಳ ಪ್ರತಿಫಲನ ಪರದೆಯ ಮೇಲೆ ವಿಮಾನದಂತೆ ಮೂಡುತ್ತದೆ. 1952ರ ಜುಲೈನ ಎರಡು ವಾರಾಂತ್ಯ ವಾಷಿಂಗ್ಟನ್ನಿನಲ್ಲಿ ಕಂಡ ಚುಕ್ಕೆಗಳಿಗೆ ಜುಲೈ 29ರ ಪತ್ರಿಕಾಗೋಷ್ಠಿಯಲ್ಲಿ ಮೇಜರ್ ಜನರಲ್ ಜಾನ್ ಸ್ಯಾಮ್‌ಫರ್ಡ್ ಕೊಟ್ಟ ವಿವರಣೆ ಇದೇ. ವಿವರಣೆ ಸರಿಯಿರಬಹುದು, ತನಿಖೆ ಮಾತ್ರ ಸೊರಗಿತ್ತು. ಮೊದಲ ವಾರಾಂತ್ಯದ ನಂತರ ರಪೆಲ್ಟ್ ಅದೇ ನಗರದಲ್ಲಿದ್ದರೂ ಓಡಾಡಲು ಕಚೇರಿಯ ಕಾರು ಸಿಗಲಿಲ್ಲ, ಸಾಕ್ಷಿಗಳನ್ನು ಕಾಣದೆಯೇ ಡೇಟನ್‌ಗೆ ಮರಳಿದರು. ರೇಡಾರ್ ಪ್ರಕರಣದಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: ಪರದೆಯ ಚುಕ್ಕೆಯ ದಿಕ್ಕು, ಕಣ್ಣಿಗೆ ಕಂಡ ಬೆಳಕಿನ ದಿಕ್ಕು, ಎರಡೂ ಒಂದೇ ನಿಮಿಷದಲ್ಲಿ ಒಂದೇ ಆಗಿದ್ದವೇ? ‘ರೇಡಾರ್‌ನಲ್ಲೂ ಕಂಡಿತು, ಕಣ್ಣಿಗೂ ಕಂಡಿತು’ ಎಂಬ ಹೇಳಿಕೆಗೆ ಆ ಉತ್ತರವಿಲ್ಲದೆ ಬೆಲೆಯಿಲ್ಲ.

ನಮ್ಮವರೇ ಮುಚ್ಚಿಟ್ಟದ್ದು

ಸೇನಾ ತನಿಖಾಧಿಕಾರಿಗೆ ಅತ್ಯಂತ ಕಷ್ಟದ ಹೆಜ್ಜೆ ಇದು. 1948ರ ಜನವರಿ 7ರಂದು ಕೆಂಟಕಿಯ ಗಾಡ್‌ಮನ್ ವಾಯುನೆಲೆಯ ಮೇಲೆ ಕಂಡ ದೊಡ್ಡ ಹೊಳೆಯುವ ವಸ್ತುವನ್ನು ಬೆನ್ನಟ್ಟಿದ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ತಮ್ಮ ಎಫ್-51 ವಿಮಾನದಲ್ಲಿ ಆಮ್ಲಜನಕವಿಲ್ಲದೆ 20,000 ಅಡಿಯ ಕಡೆಗೆ ಏರಿದರು, ಅಪಘಾತದಲ್ಲಿ ತೀರಿಕೊಂಡರು. ಮೊದಲ ಉತ್ತರ ಶುಕ್ರ ಎಂದು. ದಿಕ್ಕು ಹತ್ತಿರಹತ್ತಿರ ಕೂಡಿಬಂದರೂ ಹಗಲಲ್ಲಿ ಶುಕ್ರ ಸೂಜಿಮೊನೆಯ ಚುಕ್ಕಿ. ಗೋಪುರದಲ್ಲಿ ನಿಂತವರೆಲ್ಲ ಸುಮ್ಮನೆ ತಲೆಯೆತ್ತಿ ಕಂಡದ್ದಕ್ಕೆ ಅದು ಸಾಲದು. ನಿಜವಾದ ಸಂಭವ ನೌಕಾಪಡೆಯ ಸ್ಕೈಹುಕ್ ಬಲೂನು: ಸುಮಾರು 100 ಅಡಿ ವ್ಯಾಸ, ಬಹು ಎತ್ತರ. ಆದರೆ ಆ ಯೋಜನೆಯೇ ರಹಸ್ಯ, ಗಾಡ್‌ಮನ್‌ನಲ್ಲಿದ್ದವರಿಗೂ ಗೊತ್ತಿಲ್ಲ, ತನಿಖೆ ಮಾಡಿದವರಿಗೂ ಗೊತ್ತಿಲ್ಲ. ನ್ಯೂ ಮೆಕ್ಸಿಕೊದ ರಾಸ್‌ವೆಲ್ ವಾಯುನೆಲೆಯದೂ ಇದೇ ಬಗೆ. 1947ರ ಜುಲೈ 8ರಂದು ‘ತಟ್ಟೆ ಸಿಕ್ಕಿತು’ ಎಂದು ನೆಲೆಯೇ ಪ್ರಕಟಿಸಿತು, ಬಳಿಕ ಹವಾಮಾನದ ಬಲೂನು ಎಂದಿತು. ಸೋವಿಯತ್ ಅಣು ಪರೀಕ್ಷೆಯ ಸದ್ದು ಹಿಡಿಯಲು ಬಿಟ್ಟ ಪ್ರಾಜೆಕ್ಟ್ ಮೊಗಲ್‌ನ ಬಲೂನು ಸಾಲು ಅದು ಎಂದು ವಾಯುಪಡೆ ವರದಿ ಹೇಳಿದ್ದು 1994ರಲ್ಲಿ.

1955ರ ಆಗಸ್ಟಿನಲ್ಲಿ ಯು-2 ಗೂಢಚಾರ ವಿಮಾನ ಹಾರಲು ಶುರುವಾಯಿತು. ಪ್ರಯಾಣಿಕ ವಿಮಾನಗಳು 10,000ದಿಂದ 20,000 ಅಡಿಯಲ್ಲಿದ್ದ ಕಾಲದಲ್ಲಿ ಅದು 60,000 ಅಡಿ ದಾಟುತ್ತಿತ್ತು. ನೆಲದಲ್ಲಿ ಸೂರ್ಯ ಮುಳುಗಿದ ಮೇಲೂ ಅದರ ಬೆಳ್ಳಿ ರೆಕ್ಕೆಗೆ ಬಿಸಿಲು ಬಿದ್ದು ಕೆಳಗಿನ ಚಾಲಕರಿಗೆ ಬೆಂಕಿಯುಂಡೆಯಂತೆ ಕಾಣುತ್ತಿತ್ತು. ಬ್ಲೂ ಬುಕ್‌ನವರು ಸಿಐಎ ಜೊತೆ ಹಾರಾಟದ ವೇಳಾಪಟ್ಟಿ ತಾಳೆ ನೋಡುತ್ತಿದ್ದರು, ಆದರೆ ಪತ್ರ ಬರೆದವರಿಗೆ ನಿಜ ಹೇಳುವಂತಿರಲಿಲ್ಲ. 1950ರ ದಶಕದ ಕೊನೆಯಿಂದ 1960ರ ದಶಕದುದ್ದಕ್ಕೂ ಬಂದ ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಬೇಹುಗಾರಿಕೆ ಹಾರಾಟಗಳದ್ದು ಎಂದು ಸಿಐಎ ಇತಿಹಾಸಕಾರ ಜೆರಾಲ್ಡ್ ಹೇನ್ಸ್ 1997ರಲ್ಲಿ ಬರೆದರು. ಆ ಅಂಕಿ ಹೆಚ್ಚಾಯಿತು ಎಂದು ವಾದಿಸುವವರಿದ್ದಾರೆ. ದಾಖಲೆ ಮುಚ್ಚಿಟ್ಟು ಕೊಟ್ಟ ಸುಳ್ಳು ಉತ್ತರಗಳೇ ಜನರ ನಂಬಿಕೆ ಕೆಡಿಸಿದವು ಎಂಬುದರಲ್ಲಿ ಮಾತ್ರ ವಾದಕ್ಕೆ ಎಡೆಯಿಲ್ಲ. ತನಿಖಾಧಿಕಾರಿಗೆ ಹೇಳಲಾಗದ ಕಾರಣ ಇದ್ದರೆ ‘ಹೇಳುವಂತಿಲ್ಲ’ ಎನ್ನಬೇಕು. ಶುಕ್ರನ ಮೇಲೆ ಹಾಕಬಾರದು.

ನೆಲದ ಗುರುತು, ಚಿತ್ರ, ವಿಡಿಯೊ

1964ರ ಏಪ್ರಿಲ್ 24ರ ಸಂಜೆ ನ್ಯೂ ಮೆಕ್ಸಿಕೊದ ಸೊಕೊರೊ ಬಳಿ ಪೊಲೀಸ್ ಅಧಿಕಾರಿ ಲಾನಿ ಜಮೋರಾ ಕಣಿವೆಯಲ್ಲಿ ಇಳಿದಿದ್ದ ಮೊಟ್ಟೆಯಾಕಾರದ ವಸ್ತು ಸದ್ದು, ಬೆಂಕಿಯೊಡನೆ ಏರಿಹೋದುದನ್ನು ವರದಿ ಮಾಡಿದರು. ನೆಲದಲ್ಲಿ ನಾಲ್ಕು ತಗ್ಗುಗಳು, ಸುಟ್ಟ ಪೊದೆ. ಆ ಸಂಜೆಯೇ ಸೇನಾಧಿಕಾರಿಯೊಬ್ಬರೂ ಎಫ್‌ಬಿಐ ಅಧಿಕಾರಿಯೂ ಸ್ಥಳ ತಲುಪಿದ್ದರಿಂದ ಅಳತೆಗಳು ಉಳಿದವು. ಬ್ಲೂ ಬುಕ್‌ನ ಆಗಿನ ಮುಖ್ಯಸ್ಥ ಹೆಕ್ಟರ್ ಕ್ವಿಂಟನಿಲ್ಲಾ ಹೆಲಿಕಾಪ್ಟರ್‌ನಿಂದ ಹಿಡಿದು ಚಂದ್ರನೌಕೆಯ ಪ್ರಯೋಗದವರೆಗೆ ವಿಚಾರಿಸಿದರು, ಹೊಂದುವುದು ಸಿಗದೆ ‘ಗುರುತಾಗದ್ದು’ ಎಂದೇ ಮುಚ್ಚಿದರು.

ನೀವು ಇಂಥ ಜಾಗಕ್ಕೆ ಹೋದರೆ ಮೊದಲು ಸುತ್ತ ಹಗ್ಗ ಕಟ್ಟಿ, ಊರವರ ಕಾಲ್ತುಳಿತಕ್ಕಿಂತ ದೊಡ್ಡ ಶತ್ರುವಿಲ್ಲ. ಪ್ರತಿ ಗುರುತಿನ ಪಕ್ಕ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಚಿತ್ರ ತೆಗೆಯಿರಿ. ತಗ್ಗಿನಿಂದ ಒಂದು ಹಿಡಿ ಮಣ್ಣು. ಜೊತೆಗೆ 10 ಮೀಟರ್ ಮತ್ತು 50 ಮೀಟರ್ ಆಚೆಯ ಮುಟ್ಟದ ಜಾಗದಿಂದ ಅಷ್ಟೇ ಮಣ್ಣು. ಹೋಲಿಸಲು ಈ ಎರಡನೆಯದು ಇಲ್ಲದೆ ಪ್ರಯೋಗಾಲಯದ ವರದಿಗೆ ಅರ್ಥವಿಲ್ಲ, ‘ಮಣ್ಣಿನಲ್ಲಿ ಕಬ್ಬಿಣ ಹೆಚ್ಚು’ ಎಂದರೆ ಇಡೀ ಹೊಲದಲ್ಲೇ ಹೆಚ್ಚಿರಬಹುದು. ಭರಣಿಯ ಮೇಲೆ ದಿನ, ಸಮಯ, ತೆಗೆದವರ ಸಹಿ. ಕೈ ಬದಲಾದಾಗಲೆಲ್ಲ ಮತ್ತೊಂದು ಸಹಿ. ಲೋಹದ ಪೆಟ್ಟಿಗೆಯೋ ಟ್ಯಾಂಕೋ ಬಿದ್ದಿದ್ದರೆ ಮುಟ್ಟಬೇಡಿ, ರಾಕೆಟ್ ಇಂಧನದ ಉಳಿಕೆ ವಿಷ. 112ಕ್ಕೆ ಕರೆ ಮಾಡಿ, ಗಾಳಿ ಬೀಸಿ ಬರುವ ಕಡೆ ದೂರ ನಿಲ್ಲಿ.

ವಿಡಿಯೊ ಆದರೆ ಮೂಲ ಕಡತವನ್ನೇ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಬಂದದ್ದರಲ್ಲಿ ತಾರೀಖು, ಜಾಗದ ವಿವರ ಅಳಿಸಿಹೋಗಿರುತ್ತದೆ, ಅಂಚುಗಳೂ ಕರಗಿರುತ್ತವೆ. ಗಮನಕ್ಕೆ ತಂದುಕೊಳ್ಳಬೇಕಾದ ಲೆಕ್ಕ ಒಂದಿದೆ. 2015ರಲ್ಲಿ ಅಮೆರಿಕದ ನೌಕಾಪಡೆಯ ವಿಮಾನ ಚಿತ್ರಿಸಿದ, ‘ಗೋ ಫಾಸ್ಟ್’ ಎಂದು ಹೆಸರಾದ ವಿಡಿಯೊದಲ್ಲಿ ಒಂದು ಬಿಳಿ ಚುಕ್ಕೆ ಸಮುದ್ರದ ಮೇಲೆ ಮಿಂಚಿನಂತೆ ಹೋಗುತ್ತದೆ. ಪರದೆಯ ಮೇಲೇ ಅಂಕಿಗಳಿವೆ: ವಿಮಾನದ ಎತ್ತರ 25,000 ಅಡಿ, ಕೆಳಮುಖ ಕೋನ 26 ಡಿಗ್ರಿ, ದೂರ 4.4 ನಾಟಿಕಲ್ ಮೈಲಿ, ಎಂದರೆ ಸುಮಾರು 26,700 ಅಡಿ. 26 ಡಿಗ್ರಿಯ ಸೈನ್ 0.438, ಗುಣಿಸಿದರೆ 11,700 ಅಡಿ. 25,000ದಿಂದ ಕಳೆದರೆ ಚುಕ್ಕೆ ಇರುವುದು ಸುಮಾರು 13,000 ಅಡಿ ಎತ್ತರದಲ್ಲಿ, ನೀರಿನ ಮೇಲಲ್ಲ. ಓಡುವ ರೈಲಿನಿಂದ ಹತ್ತಿರದ ಕಂಬ ಹಿಂದಕ್ಕೋಡಿದಂತೆ ಕಾಣುವುದಿಲ್ಲವೇ, ಅದೇ ಇಲ್ಲಿಯೂ. 2023ರ ನಾಸಾ ತಂಡದ ವರದಿ ಅದರ ವೇಗವನ್ನು ಗಂಟೆಗೆ ಸುಮಾರು 40 ಮೈಲಿ ಎಂದು ಲೆಕ್ಕ ಹಾಕಿತು, ಆ ಎತ್ತರದ ಗಾಳಿಗೆ ತೇಲಿದರೂ ಸಿಗುವ ವೇಗ.

ತೀರ್ಮಾನ ಬರೆಯುವುದು, ಹಳೆಯ ಕಡತ ಓದುವುದು

ಬ್ಲೂ ಬುಕ್ ಕಡತದ ಮೊದಲ ಹಾಳೆ ‘ಪ್ರಾಜೆಕ್ಟ್ 10073 ದಾಖಲೆ ಕಾರ್ಡ್’. ದಿನ, ಜಾಗ, ಸ್ಥಳೀಯ ಮತ್ತು ವಿಶ್ವ ಸಮಯ, ನೆಲದಿಂದ ಕಂಡದ್ದೋ ವಿಮಾನದಿಂದಲೋ ರೇಡಾರ್‌ನಲ್ಲೋ, ಅವಧಿ, ಎಷ್ಟು ವಸ್ತು, ಯಾವ ದಿಕ್ಕಿಗೆ, ಸಾರಾಂಶ, ತೀರ್ಮಾನ: ಎಲ್ಲ ಒಂದೇ ಪುಟದಲ್ಲಿ. ಕಾರ್ಡನ್ನು ಓದಿ ನಿಲ್ಲಿಸಬೇಡಿ. ತೀರ್ಮಾನದ ಚೌಕದಲ್ಲಿ ಬಲೂನು, ವಿಮಾನ, ಖಗೋಳ ಪ್ರತಿಯೊಂದಕ್ಕೂ ‘ಹೌದು’, ‘ಬಹುಶಃ’, ‘ಇರಬಹುದು’ ಎಂಬ ಮೂರು ಮಟ್ಟಗಳಿದ್ದವು. ವರ್ಷಾಂತ್ಯದ ಅಂಕಿಅಂಶದಲ್ಲಿ ಆ ಭೇದ ಅಳಿಸಿ ‘ಇರಬಹುದು’ ಕೂಡ ಗುರುತಾದ ಪಟ್ಟಿಗೆ ಹೋಯಿತು. ಒಳಗಿನ ಹೇಳಿಕೆಗಳನ್ನು ಓದಿ ನೀವೇ ಮಟ್ಟ ನಿರ್ಧರಿಸಿ. ಮೂಲ ಕಡತಗಳು ಅಮೆರಿಕದ ರಾಷ್ಟ್ರೀಯ ದಾಖಲಾಗಾರದಲ್ಲಿ 341ನೇ ದಾಖಲೆ ಗುಂಪಿನಲ್ಲಿವೆ. ಟಿ-1206 ಎಂಬ ಸಂಖ್ಯೆಯ 94 ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಪ್ರಕರಣಗಳು ತಾರೀಖಿನ ಕ್ರಮದಲ್ಲಿವೆ, ಸಾಕ್ಷಿಗಳ ಹೆಸರು ಮುಚ್ಚಿದೆ.

ನಿಮ್ಮ ತೀರ್ಮಾನಕ್ಕೆ ಮೂರು ಚೀಲ ಇಟ್ಟುಕೊಳ್ಳಿ: ಗುರುತಾದದ್ದು, ಮಾಹಿತಿ ಸಾಲದ್ದು, ಗುರುತಾಗದ್ದು. ಎರಡನೆಯದನ್ನೂ ಮೂರನೆಯದನ್ನೂ ಬೆರೆಸಬೇಡಿ. ನಾಲ್ಕು ಅಂಕಿಗಳೂ ಇದ್ದು, ಆಕಾಶ, ಹಾರುವಂಥವು, ಗಾಳಿ ಎಲ್ಲ ತಾಳೆ ನೋಡಿದ ಮೇಲೂ ಉಳಿದದ್ದು ಮಾತ್ರ ಮೂರನೆಯ ಚೀಲಕ್ಕೆ. ಬ್ಯಾಟೆಲ್ ಸಂಸ್ಥೆ 3,201 ವರದಿಗಳನ್ನು ಪಂಚ್ ಕಾರ್ಡ್‌ಗಳಲ್ಲಿ ವಿಂಗಡಿಸಿ 1955ರಲ್ಲಿ ಹೊರಬಂದ ವಿಶೇಷ ವರದಿ 14ರಲ್ಲಿ, ಉತ್ತಮ ಗುಣಮಟ್ಟದ ವರದಿಗಳಲ್ಲೇ ಗುರುತಾಗದವುಗಳ ಪ್ರಮಾಣ ಹೆಚ್ಚಿತ್ತು. ಇದರರ್ಥ ಅನ್ಯಲೋಕದವರು ಬಂದರು ಎಂದಲ್ಲ. ಗುರುತಾಗದ್ದೆಲ್ಲ ಕಳಪೆ ವರದಿ ಎಂದು ತಳ್ಳಿಹಾಕುವಂತಿಲ್ಲ ಎಂದಷ್ಟೆ. 2022ರಲ್ಲಿ ಶುರುವಾದ ಇಂಥ ವರದಿಗಳನ್ನು ಪರಿಶೀಲಿಸುವ ಪೆಂಟಗನ್‌ನ (ಅಮೆರಿಕದ ರಕ್ಷಣಾ ಇಲಾಖೆಯ) ಎಎಆರ್‌ಒ ಕಚೇರಿ ಹಳೆಯ ತನಿಖೆಗಳನ್ನೆಲ್ಲ ಜಾಲಾಡಿ 2024ರ ಮಾರ್ಚಿನಲ್ಲಿ, ಅನ್ಯಲೋಕದ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲ ಎಂದಿತು.

ಪ್ರಕಟಿಸುವ ಅವಸರ ಬೇಡ. 1966ರ ಮಾರ್ಚಿನಲ್ಲಿ ಮಿಚಿಗನ್‌ನ ಡೆಕ್ಸ್‌ಟರ್ ಮತ್ತು ಹಿಲ್ಸ್‌ಡೇಲ್‌ನಲ್ಲಿ ಕಂಡ ಬೆಳಕುಗಳಿಗೆ ಕೆಲವೇ ದಿನಗಳಲ್ಲಿ ಪತ್ರಿಕಾಗೋಷ್ಠಿ ಕರೆದು, ಜೌಗು ನೆಲದ ಅನಿಲ ಇರಬಹುದು ಎಂದು ಹೈನೆಕ್ ಹೇಳಿದರು. ‘ಇರಬಹುದು’ ಎಂಬುದು ಪತ್ರಿಕೆಗಳಲ್ಲಿ ಉಳಿಯಲಿಲ್ಲ. ನೋಡಿದವರು ಅವಮಾನಿತರಾದರು, ಸಂಸದ ಜೆರಾಲ್ಡ್ ಫೋರ್ಡ್ ವಿಚಾರಣೆ ಬೇಕೆಂದರು. ಅದರ ಬೆನ್ನಿಗೇ ಕೊಲರಾಡೊ ವಿಶ್ವವಿದ್ಯಾಲಯದ ಕಾಂಡನ್ ಸಮಿತಿ ಬಂತು, ಅದರ ವರದಿಯ ಮೇಲೆ 1969ರ ಡಿಸೆಂಬರ್ 17ರಂದು ಬ್ಲೂ ಬುಕ್ ಮುಚ್ಚುವ ಘೋಷಣೆಯಾಯಿತು. ಉತ್ತರವನ್ನು ಮೊದಲು ನೋಡಿದವರಿಗೆ ಹೇಳಿ, ಅವರ ಆಕ್ಷೇಪ ಕೇಳಿ, ಅದನ್ನೂ ಕಡತದಲ್ಲಿ ಬರೆಯಿರಿ.

ಗುರುತಾಗದ ಕಡತವನ್ನು ಕಟ್ಟಿಡುವಾಗ ಮೂಲ ಅಂಕಿಗಳನ್ನು ನಿಮ್ಮ ವ್ಯಾಖ್ಯಾನದಿಂದ ಬೇರೆ ಹಾಳೆಯಲ್ಲಿ ಬರೆದು ಮುಂದಿಡಿ, ಮತ್ತೆ ತೆರೆಯುವ ತಾರೀಖನ್ನೂ ಹೊದಿಕೆಯ ಮೇಲೆ ಬರೆಯಿರಿ. ಮ್ಯಾಂಟೆಲ್ ಕಡತಕ್ಕೆ ಸ್ಕೈಹುಕ್ ಎಂಬ ಉತ್ತರ ಸೇರಿದ್ದು ನಾಲ್ಕು ವರ್ಷ ಕಳೆದ ಮೇಲೆ, 1952ರಲ್ಲಿ ರಪೆಲ್ಟ್ ಅದನ್ನು ಮತ್ತೆ ಬಿಚ್ಚಿದಾಗ.